ಹೆತ್ತವರ ಅಗಲಿಕೆಯೂ ಹಕ್ಕಿ ನೋಡುವ ಹವ್ಯಾಸವೂ

ಆಪ್ತರನ್ನು ಕಳೆದುಕೊಂಡಾಗ ಮನಸ್ಸಿನಲ್ಲೂ ಮೈಯಲ್ಲೂ ಏಳುವ ನೋವಿಗೆ ಶೋಕವೆಂದೂ, ಅದನ್ನು ಸಮಾಜ ಒಪ್ಪಿದ ರೀತಿಯಲ್ಲಿ ನಡೆಸಿಕೊಂಡು ಹೋಗುವ ಕ್ರಮಕ್ಕೆ ಶೋಕಾಚರಣೆಯೆಂದೂ ಹೆಸರು. ಆಚರಣೆಗೆ ದಿನ ಗೊತ್ತಿರುತ್ತದೆ. ಸೂತಕ ಕಳೆಯುತ್ತದೆ, ಮಾಸಿಕಗಳು ಬರುತ್ತವೆ, ವರ್ಷಾಂತಿಕವೂ ಮುಗಿಯುತ್ತದೆ. ಆದರೆ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡವರು ತಮಗೆ ಪ್ರಿಯವಾದ ಹವ್ಯಾಸಕ್ಕೆ ಯಾವಾಗ ಮರಳಬಹುದೆಂಬುದನ್ನು ಯಾವ ಪಂಚಾಂಗವೂ ಹೇಳುವುದಿಲ್ಲ. ಬೆಳಗಿನ ಜಾವ ಬೈನಾಕ್ಯುಲರ್ ಹಿಡಿದು ಕೆರೆಯ ಏರಿಗೆ ಹೋಗುವ ಹಕ್ಕಿವೀಕ್ಷಣೆಯನ್ನು ಉದಾಹರಣೆಯಾಗಿಟ್ಟುಕೊಂಡು ಈ ಅಧ್ಯಾಯವು ಆ ಪ್ರಶ್ನೆಯನ್ನು ಪರಿಶೀಲಿಸುತ್ತದೆ.

ಈ ವಿಷಯದಲ್ಲಿ ಬಹುಪಾಲು ಜನ ಎಡವುವುದು ಒಂದೇ ಕಡೆ: ಶೋಕಕ್ಕೆ ಐದು ಹಂತಗಳಿವೆ, ಅವನ್ನು ಒಂದೊಂದಾಗಿ ದಾಟಿದ ಮೇಲೆಯೇ ಸಂತೋಷದ ಕೆಲಸಗಳಿಗೆ ಕೈಹಾಕಬೇಕು ಎಂಬ ನಂಬಿಕೆಯಲ್ಲಿ. ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಈ ಐದನ್ನು ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ ಅವರು 1969ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಅವರು ಮಾತನಾಡಿಸಿದ್ದು ಸಾವು ಸಮೀಪಿಸಿದ್ದ ರೋಗಿಗಳನ್ನು. ತಮ್ಮ ಸಾವನ್ನೇ ಎದುರು ನೋಡುತ್ತಿದ್ದವರ ಮನಃಸ್ಥಿತಿಯಿಂದ ಹುಟ್ಟಿದ ಈ ವಿವರಣೆ ಮುಂದೆ ಆಪ್ತರನ್ನು ಕಳೆದುಕೊಂಡವರ ಶೋಕಕ್ಕೂ ಅನ್ವಯವಾಗಿ, ಜನಸಾಮಾನ್ಯರ ಮನಸ್ಸಿನಲ್ಲಿ ಒಂದೊಂದಾಗಿ ಹತ್ತಲೇಬೇಕಾದ ಮೆಟ್ಟಿಲುಗಳ ಸಾಲಾಗಿ ಉಳಿದುಬಿಟ್ಟಿತು. ಆದುದರಿಂದಲೇ, ತಾಯಿ ತೀರಿಕೊಂಡ ಮೂರನೆಯ ತಿಂಗಳಲ್ಲಿ ಹಕ್ಕಿ ನೋಡಲು ಹೊರಟ ಮಗಳನ್ನು ‘ಇಷ್ಟು ಬೇಗ ಮರೆತಳೇ’ ಎಂದು ನೆಂಟರು ಕೇಳುವುದೂ, ಎರಡು ವರ್ಷವಾದರೂ ಹೋಗಲಾಗದ ಮಗ ತನ್ನಲ್ಲೇ ಏನೋ ದೋಷವಿದೆಯೆಂದು ಕೊರಗುವುದೂ ನಡೆಯುತ್ತದೆ.

ಇದಕ್ಕಿಂತ ಹೆಚ್ಚು ವಿವರಣಾಶಕ್ತಿಯುಳ್ಳ ಮಾದರಿಯೊಂದನ್ನು ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಶೂಟ್ ಎಂಬ ಸಂಶೋಧಕರು 1999ರಲ್ಲಿ ಮುಂದಿಟ್ಟರು. ಇಬ್ಬಗೆಯ ಪ್ರಕ್ರಿಯೆಯೆಂದು ಕರೆಯಬಹುದಾದ ಈ ಮಾದರಿಯ ಪ್ರಕಾರ ಶೋಕದಲ್ಲಿರುವವರ ಮುಂದೆ ಎರಡು ಬಗೆಯ ಕೆಲಸಗಳಿರುತ್ತವೆ. ಒಂದು, ನಷ್ಟದ ಕಡೆಗಿನ ಕೆಲಸ: ಅಳುವುದು, ನೆನೆಯುವುದು, ಫೋಟೋ ನೋಡುವುದು, ಆಸ್ಪತ್ರೆಯ ಕೊನೆಯ ದಿನಗಳನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹಾಯ್ದುಬರುವುದು. ಇನ್ನೊಂದು, ಬದುಕನ್ನು ಮರಳಿ ಕಟ್ಟುವ ಕೆಲಸ: ಪೌತಿ ಖಾತೆಗಾಗಿ ಕಚೇರಿ ಅಲೆಯುವುದು, ಒಬ್ಬಂಟಿಯಾದ ತಂದೆಯ ಊಟ-ಔಷಧಿಯ ಹೊಣೆ ಹೊರುವುದು, ಮನೆಗೆ ತಾನೇ ಹಿರಿಯನೆಂಬ ಹೊಸ ಸ್ಥಾನಕ್ಕೆ ಒಗ್ಗಿಕೊಳ್ಳುವುದು. ಎರಡನೆಯದು ಹಗುರವೆಂದು ತಿಳಿಯಬಾರದು. ಅದಕ್ಕೂ ಅದರದೇ ಆದ ದಣಿವಿದೆ.

ಈ ಮಾದರಿಯ ಜೀವಾಳವಿರುವುದು ಈ ಎರಡರ ನಡುವಣ ಹೊಯ್ದಾಟದಲ್ಲಿ. ಮನಸ್ಸು ಕೆಲಹೊತ್ತು ನಷ್ಟದ ಕಡೆ ಹೋಗಿ, ಅಲ್ಲಿ ತಾಳಲಾರದಾದಾಗ ದಿನನಿತ್ಯದ ಕಡೆಗೆ ಹೊರಳಿ, ಮತ್ತೆ ಯಾವುದೋ ನೆನಪಿನ ಸೆಳೆತಕ್ಕೆ ಸಿಕ್ಕಿ ಹಿಂದಿರುಗುತ್ತದೆ. ನಡುನಡುವೆ ಎರಡರಿಂದಲೂ ಬಿಡುವು ಪಡೆಯುತ್ತದೆ. ಈ ಓಡಾಟ ಮನಸ್ಸಿನ ದೌರ್ಬಲ್ಯವಲ್ಲವೆಂಬುದೂ, ಶೋಕವನ್ನು ತಾಳಿಕೊಳ್ಳುವ ಕ್ರಮವೇ ಅದೆಂಬುದೂ ಇಲ್ಲಿನ ಮುಖ್ಯ ಪ್ರತಿಪಾದನೆ. ಬಹುಕಾಲ ಒಂದೇ ಕಡೆ ಸಿಲುಕಿಕೊಂಡಾಗ ತೊಂದರೆ ಮೊದಲಾಗುತ್ತದೆ. ಹೀಗೆ ನೋಡಿದರೆ ಭಾನುವಾರ ಬೆಳಿಗ್ಗೆ ಕೆರೆಯ ಬಳಿ ನಕ್ಕು, ಸಂಜೆ ತಂದೆಯ ಚಪ್ಪಲಿ ಕಂಡು ಅತ್ತವರ ನಡತೆಯಲ್ಲಿ ವಿರೋಧಾಭಾಸವೇನೂ ಇಲ್ಲ.

ಹಕ್ಕಿವೀಕ್ಷಣೆಯ ವಿಶೇಷವೆಂದರೆ ಅದು ಬಿಡುವನ್ನೂ ಕೊಡುತ್ತದೆ, ನೆನಪನ್ನೂ ಕೆದಕುತ್ತದೆ. ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿಗಳು 1989ರ ತಮ್ಮ ಗ್ರಂಥದಲ್ಲಿ ವಿವರಿಸಿರುವಂತೆ, ಒತ್ತಾಯವಿಲ್ಲದೆ ಗಮನ ಸೆಳೆಯುವ ನಿಸರ್ಗದ ಸನ್ನಿವೇಶಗಳಲ್ಲಿ ದಣಿದ ಏಕಾಗ್ರತೆ ಚೇತರಿಸಿಕೊಳ್ಳುತ್ತದೆ. ಬಾಲ ಕುಣಿಸುತ್ತ ನೀರಂಚಿನಲ್ಲಿ ಓಡುವ ಕುಂಡೆಕುಸ್ಕವನ್ನು ನೋಡಲು ಯಾರೂ ಹಟ ಹಿಡಿದು ಕೂರಬೇಕಾಗಿಲ್ಲ. ಆದರೆ ಹಕ್ಕಿಗಳು ಋತುವನ್ನೂ ಹೊತ್ತು ತರುತ್ತವೆ. ಬೇಸಿಗೆಯ ಕೋಗಿಲೆಯ ಕೂಗು ಕಳೆದ ಬೇಸಿಗೆಯ ಆಸ್ಪತ್ರೆಯ ದಿನಗಳನ್ನು ಎಳೆದು ತಂದೀತು. ಹಿಮಾಲಯವನ್ನು ಹಾದು ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳನ್ನು ಪ್ರತಿವರ್ಷ ತಂದೆಯೊಡನೆ ನೋಡುತ್ತಿದ್ದವರಿಗೆ, ತಿಥಿ ಬರುವ ಮೊದಲೇ ಹಕ್ಕಿಗಳು ಆ ದಿನಗಳನ್ನು ನೆನಪಿಸಿಬಿಡುತ್ತವೆ.

ಹವ್ಯಾಸವನ್ನು ಕಲಿಸಿದವರೇ ಅಗಲಿದಾಗ ಈ ಇಬ್ಬಗೆ ಇನ್ನಷ್ಟು ಗೋಜಲಾಗುತ್ತದೆ. ತಂದೆ ಬಳಸುತ್ತಿದ್ದ ಬೈನಾಕ್ಯುಲರನ್ನೇ ಗಮನಿಸಬಹುದು. ಅದರ ಎರಡು ಕೊಳವೆಗಳ ನಡುವಣ ಅಂತರ ಅವರ ಕಣ್ಣುಗಳಿಗೆ ಹೊಂದಿಸಿದ್ದು. ಸಾಮಾನ್ಯವಾಗಿ ಬಲಗಣ್ಣಿನ ಕಡೆ ಇರುವ ಡಯಾಪ್ಟರ್ ಉಂಗುರ, ಅಂದರೆ ಎರಡು ಕಣ್ಣುಗಳ ದೃಷ್ಟಿಯ ವ್ಯತ್ಯಾಸವನ್ನು ಸರಿದೂಗಿಸುವ ತಿರುಗುಬಳೆ, ಅವರ ದೃಷ್ಟಿಗೆ ನಿಂತದ್ದು. ಮಗ ಅದನ್ನು ಹಾಗೆಯೇ ಕಣ್ಣಿಗಿಟ್ಟರೆ ಹಕ್ಕಿ ಮಸುಕಾಗಿ ಕಾಣುತ್ತದೆ. ಬಲಗಡೆಯ ಮುಂದಿನ ಗಾಜನ್ನು ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೂ, ಆಮೇಲೆ ಎಡಗಡೆಯದನ್ನು ಮುಚ್ಚಿ ಉಂಗುರದಿಂದ ಬಲಗಣ್ಣಿಗೂ ಸ್ಪಷ್ಟಪಡಿಸಿಕೊಳ್ಳಬೇಕು. ಆ ಉಂಗುರವನ್ನು ತಿರುಗಿಸಿದರೆ ತಂದೆಯ ಗುರುತೇ ಅಳಿಯಿತೆಂದು ಕೆಲವರಿಗೆ ಅನ್ನಿಸುವುದುಂಟು. ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್ ಮತ್ತು ಸ್ಟೀವನ್ ನಿಕ್‌ಮನ್ 1996ರಲ್ಲಿ ಸಂಪಾದಿಸಿದ ಗ್ರಂಥ ಈ ಸಂಕೋಚಕ್ಕೆ ಉತ್ತರ ಕೊಡುತ್ತದೆ: ಅಗಲಿದವರೊಡನೆಯ ನಂಟನ್ನು ಕಡಿದುಕೊಂಡರೆ ಮಾತ್ರ ಶೋಕ ಶಮನವಾಗುತ್ತದೆಂಬ ಹಳೆಯ ಅಭಿಪ್ರಾಯ ಸರಿಯಲ್ಲ, ನಂಟು ರೂಪ ಬದಲಿಸಿ ಮುಂದುವರಿಯಬಲ್ಲದು. ತಂದೆ ಕಲಿಸಿದ ನೋಟವನ್ನು ಮಗ ತನ್ನ ಕಣ್ಣಿಗೆ ಹೊಂದಿಸಿಕೊಂಡು ಬಳಸುವುದು ಅಂಥ ಮುಂದುವರಿಕೆಯೇ.

ಮರಳುವ ಬಗೆಯಲ್ಲೂ ಒಂದು ತಪ್ಪು ಸಾಮಾನ್ಯವಾಗಿದೆ. ‘ಮನಸ್ಸು ಬಂದಾಗ ಹೋಗೋಣ’ ಎಂದು ಕಾಯುವವರಿಗೆ ಮನಸ್ಸು ಬರುವುದೇ ಕಡಿಮೆ. ಚಟುವಟಿಕೆ ನಿಂತಷ್ಟೂ ಉತ್ಸಾಹ ಕುಗ್ಗುತ್ತದೆ, ಉತ್ಸಾಹ ಕುಗ್ಗಿದಷ್ಟೂ ಚಟುವಟಿಕೆ ನಿಲ್ಲುತ್ತದೆ. ಈ ಸುತ್ತನ್ನು ಚಿಕ್ಕ ಚಿಕ್ಕ ಕೆಲಸಗಳಿಂದ ಮುರಿಯುವ ಚಿಕಿತ್ಸಾಕ್ರಮವನ್ನು ಖಿನ್ನತೆಯಲ್ಲಿ ಬಳಸುತ್ತಾರೆ. ಅದೇ ತತ್ತ್ವದಂತೆ, ಮೊದಲ ಸಲ ರಂಗನತಿಟ್ಟಿಗೇ ಹೋಗಬೇಕಾಗಿಲ್ಲ. ಮನೆಯ ಹಿತ್ತಲಿನ ನುಗ್ಗೆಮರದ ಮುಂದೆ ಕಾಲುಗಂಟೆ ನಿಂತರೂ ಆದೀತು. ಮೊದಲಿನ ಸಂತೋಷ ಆ ದಿನವೇ ಸಿಗದಿದ್ದರೆ ಹವ್ಯಾಸ ಸತ್ತಿತೆಂದು ತೀರ್ಮಾನಿಸಬಾರದು.

ಎಲ್ಲ ಶೋಕವೂ ಇಷ್ಟರಿಂದ ಹಗುರವಾಗುವುದಿಲ್ಲ. ತೀವ್ರ ಹಂಬಲ ಕಡಿಮೆಯಾಗದೆ ನಿತ್ಯಜೀವನವೇ ಕುಸಿದಿದ್ದರೆ ಅದನ್ನು ದೀರ್ಘಕಾಲದ ಶೋಕವ್ಯಾಧಿಯೆಂದು ಗುರುತಿಸಬಹುದಾಗಿದ್ದು, ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವು ಅದಕ್ಕೆ ಕನಿಷ್ಠ 6 ತಿಂಗಳ ಅವಧಿಯನ್ನೂ, 2022ರ ಅಮೆರಿಕದ ಮನೋವೈದ್ಯಕೀಯ ಕೈಪಿಡಿಯು ವಯಸ್ಕರಿಗೆ 12 ತಿಂಗಳನ್ನೂ ನಿಗದಿಪಡಿಸಿವೆ. ನೆರವು ಕೇಳಲು ಈ ಅವಧಿ ತುಂಬಲೆಂದು ಕಾಯಬೇಕಾಗಿಲ್ಲ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ದೊರೆಯುತ್ತದೆ.

ಇಲ್ಲಿ ಹೇಳಿದ ಮಾದರಿಗಳು ಬಹುಮಟ್ಟಿಗೆ ಯುರೋಪು ಮತ್ತು ಅಮೆರಿಕದಲ್ಲಿ ರೂಪುಗೊಂಡವು. ತಿಂಗಳಿಗೊಮ್ಮೆ ನೆನಪನ್ನು ಒಂದು ದಿನಕ್ಕೆ ಕಟ್ಟಿ ಉಳಿದ ದಿನಗಳನ್ನು ಬದುಕಿಗೆ ಬಿಟ್ಟುಕೊಡುವ ಮಾಸಿಕದಂಥ ಆಚರಣೆಯಲ್ಲಿ ಅದೇ ಹೊಯ್ದಾಟಕ್ಕೆ ಸಮುದಾಯವೇ ಕ್ರಮ ಹಾಕಿಕೊಟ್ಟಂತೆ ಕಾಣುತ್ತದೆ. ಹಾಗೆ ಕಾಣುವುದು ನಿಜವೇ ಎಂದು ಪರೀಕ್ಷಿಸುವ ಕೆಲಸ ಬಾಕಿಯಿದೆ. ಮನಶ್ಶಾಸ್ತ್ರ, ಸಮಾಜಕಾರ್ಯ, ಜಾನಪದಗಳ ವಿದ್ಯಾರ್ಥಿಗಳು ಬೇರೆ ಬೇರೆ ಸಮುದಾಯಗಳ ಜನರನ್ನು ಅವರವರ ಕನ್ನಡದಲ್ಲೇ ಮಾತನಾಡಿಸಿ, ಸಾವಿನ ನಂತರದ ಮೊದಲ ವರ್ಷದಲ್ಲಿ ಅವರು ಏನನ್ನು ಬಿಟ್ಟರು, ಯಾವುದಕ್ಕೆ ಮರಳಿದರು, ಯಾರ ಮಾತಿಗೆ ಅಂಜಿ ತಡೆದರು ಎಂಬುದನ್ನು ದಾಖಲಿಸಲು ಮುಂದಾಗಬೇಕು.