ಟ್ಯಾಂಕಿಗೆ ಎಣ್ಣೆ ಇಳಿಯದಿದ್ದರೆ ಗಾಳಿಯ ದಾರಿ ನೋಡಿರಿ

ಗೊಬ್ಬರದ ಚೀಲ, ಬಾಳೆಗೊನೆ ಸಾಗಿಸಲು ಕಾರ್ಕಳದ ಕುಕ್ಕುಂದೂರಿನಂಥ ಊರುಗಳ ಕೃಷಿಕರಲ್ಲೂ ಈಗ ಕಾರು, ಜೀಪುಗಳಿವೆ. ಪೆಟ್ರೋಲ್ ಬಂಕಿನಲ್ಲಿ ನಾಜಲ್ ಇಟ್ಟೊಡನೆ ಅದು 'ಟಕ್' ಎಂದು ನಿಲ್ಲುತ್ತದೆ. ಟ್ಯಾಂಕು ಮಾತ್ರ ಖಾಲಿ. ಇದಕ್ಕೆ ಕಾರಣವೇನು?

ಕಿರಿಬಾಯಿಯ ಹೂಜಿಗೆ ನೀರು ತುಂಬಿಸುವುದನ್ನು ನೀವು ಬಲ್ಲಿರಿ. ಒಳಗಿನ ಗಾಳಿ ಹೊರಬರದಿದ್ದರೆ ನೀರು ಬಾಯಿಗೇ ಉಕ್ಕುತ್ತದೆ. ಟ್ಯಾಂಕಿನ ಸ್ಥಿತಿಯೂ ಇದೇ. ನಾಜಲ್ಲಿನ ತುದಿಯಲ್ಲಿ ಒಂದು ಸಣ್ಣ ತೂತಿದೆ. ಉಕ್ಕಿದ ಎಣ್ಣೆ ಅದನ್ನು ಮುಚ್ಚಿದೊಡನೆ ಹರಿವು ತಾನಾಗಿ ನಿಲ್ಲುತ್ತದೆ.

ಮೊದಲು ನಾಜಲ್ಲನ್ನು ತುಸು ತಿರುಗಿಸಿ, ನಿಧಾನವಾಗಿ ಬಿಡಲು ಹೇಳಿರಿ. ಬೇರೆ ಬಂಕಿನಲ್ಲೂ ಹೀಗೇ ಆದರೆ ದೋಷ ವಾಹನದಲ್ಲಿದೆಯೆಂದು ತಿಳಿಯಬೇಕು. ಗಾಳಿ ಹೋಗುವ ಕೊಳವೆಯಲ್ಲಿ ಕೆಮ್ಮಣ್ಣಿನ ಧೂಳು, ಜೇಡರ ಬಲೆ ಅಥವಾ ಕಣಜದ ಹುಳುವಿನ ಗೂಡು ಕಟ್ಟಿರಬಹುದು, ಕೊಳವೆ ಮಡಚಿರಲೂಬಹುದು. ಮೆಕ್ಯಾನಿಕರಿಂದ ಬಿಚ್ಚಿಸಿ ಶುಚಿ ಮಾಡಿಸಿರಿ. ನೀವೇ ತಂತಿ ತುರುಕಬೇಡಿರಿ, ಬಾಯಿಯಿಂದ ಊದಬೇಡಿರಿ.

ಟ್ಯಾಂಕು ತುಂಬಿ 'ಟಕ್' ಎಂದರೆ ಅಲ್ಲಿಗೆ ಸಾಕು. ಚಿಲ್ಲರೆ ಲೆಕ್ಕ ಸರಿಮಾಡಲು ಮತ್ತೆ ತುಂಬಿಸಿದರೆ, ಪೆಟ್ರೋಲ್ ಆವಿಯನ್ನು ಹೀರುವ ಇದ್ದಿಲಿನ ಡಬ್ಬಿಗೆ ಪೆಟ್ರೋಲೇ ನುಗ್ಗಬಹುದು. ಡಬ್ಬಿ ಕೆಟ್ಟು ಗಾಳಿಯ ದಾರಿ ಕಟ್ಟಿದರೆ ಮುಂದಿನ ಸಲ ಎಣ್ಣೆ ಇಳಿಯುವುದೇ ಕಷ್ಟ. ಹತ್ತು ರೂಪಾಯಿಯ ಎಣ್ಣೆಗೆ ಸಾವಿರಾರು ರೂಪಾಯಿಯ ರಿಪೇರಿ ಬೀಳುತ್ತದೆ.

ಗದ್ದೆಯ ಯಂತ್ರಗಳಿಗೂ ಈ ಮಾತು ಸಲ್ಲುತ್ತದೆ. ಟಿಲ್ಲರ್, ಪಂಪುಗಳ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯ ತೂತಿದ್ದು, ಅದಕ್ಕೆ ಕೆಸರು ಮೆತ್ತಿದರೆ ಓಡುವ ಇಂಜಿನ್ ನಡುವೆಯೇ ನಿಲ್ಲುತ್ತದೆ. ಇಂಜಿನ್ ತಣಿದ ಮೇಲೆ ಮುಚ್ಚಳ ಸಡಿಲಿಸಿ ನೋಡಿರಿ. ಆಗ ಸರಿಯಾಗಿ ಓಡಿದರೆ ತೂತನ್ನು ಶುಚಿ ಮಾಡಿದರೆ ಸಾಕು; ಮಳೆಗಾಲದ ಉಳುಮೆಯ ಒಂದು ದಿನ ಉಳಿಯುತ್ತದೆ.