ಗ್ರ್ಯಾಂಡ್ ರ್ಯಾಪಿಡ್ಸ್‌ನಲ್ಲಿ ಮಾಗುವ ಕಾಲ

2013ರ ಜೂನ್‌ನಲ್ಲಿ ಗ್ರ್ಯಾಂಡ್ ರ್ಯಾಪಿಡ್ಸ್ ಗ್ರಿಫಿನ್ಸ್ ತಂಡ ಐಸ್ ಹಾಕಿಯ ಕಾಲ್ಡರ್ ಕಪ್ ಗೆದ್ದಿತು. ಪ್ಲೇಆಫ್‌ನ 24 ಪಂದ್ಯಗಳಲ್ಲಿ 16 ಗೋಲು ಹೊಡೆದ ಟೊಮಾಸ್ ಟಾಟಾರ್ ಶ್ರೇಷ್ಠ ಆಟಗಾರ ಎನಿಸಿಕೊಂಡರು. ಅದೇ ತಂಡದಲ್ಲಿ ಗುಸ್ತಾವ್ ನೈಕ್ವಿಸ್ಟ್ ಕೂಡ ಇದ್ದರು. ಮುಂದಿನ ಋತು ಶುರುವಾದಾಗ ಟಾಟಾರ್ ಮೇಲಿನ ಲೀಗಾದ ಎನ್‌ಎಚ್‌ಎಲ್‌ನ (ನ್ಯಾಷನಲ್ ಹಾಕಿ ಲೀಗ್) ತಂಡ ಡೆಟ್ರಾಯ್ಟ್ ರೆಡ್ ವಿಂಗ್ಸ್‌ನಲ್ಲಿ ಉಳಿದರೆ, ನೈಕ್ವಿಸ್ಟ್ ಮತ್ತೆ ಗ್ರಿಫಿನ್ಸ್‌ಗೆ ಹೋಗಬೇಕಾಯಿತು. ಅವರ ಆಟದಲ್ಲಿ ಕೊರತೆಯೇನೂ ಇರಲಿಲ್ಲ. ಟಾಟಾರ್ ಅವರನ್ನು ಕೆಳಗಿಳಿಸಬೇಕಿದ್ದರೆ 'ವೇವರ್ಸ್' ನಿಯಮದ ಪ್ರಕಾರ ಮೊದಲು ಉಳಿದ ತಂಡಗಳ ಮುಂದಿಡಬೇಕಿತ್ತು. ಬೇಕೆನಿಸಿದವರು ಎತ್ತಿಕೊಂಡು ಹೋಗಬಹುದಿತ್ತು. ನೈಕ್ವಿಸ್ಟ್‌ಗೆ ಆ ನಿಯಮ ಇನ್ನೂ ಅನ್ವಯಿಸುತ್ತಿರಲಿಲ್ಲ. ಸಂಬಳದ ಮಿತಿ ಬೇರೆ ಕುತ್ತಿಗೆಗೆ ಬಂದಿತ್ತು. ಕ್ಲಬ್‌ಗಳು ತಾಳ್ಮೆ ಎಂದು ಹೇಳಿಕೊಳ್ಳುವುದರಲ್ಲಿ ಇಂಥ ಲೆಕ್ಕಾಚಾರಕ್ಕೂ ಪಾಲಿದೆ.

ಹಾಗೆಂದು ಆ ತಾಳ್ಮೆ ಬರೀ ನೆಪವಲ್ಲ. ಡೆಟ್ರಾಯ್ಟ್‌ನ ಆಗಿನ ಜನರಲ್ ಮ್ಯಾನೇಜರ್ ಕೆನ್ ಹಾಲೆಂಡ್‌ಗೆ ಹುಡುಗರನ್ನು ಹಿಚುಕಿ ಹಣ್ಣು ಮಾಡುವುದರಲ್ಲಿ ನಂಬಿಕೆ ಇರಲಿಲ್ಲ. ಎನ್‌ಎಚ್‌ಎಲ್ ತಂಡದ ನಾಲ್ಕನೇ ಲೈನಿನಲ್ಲಿ ಹೊಸಬನಿಗೆ ಸಿಗುವುದು ಏಳೆಂಟು ನಿಮಿಷ. ಒಂದು ಸಲ ಪಕ್ ಕಳೆದುಕೊಂಡರೆ ಉಳಿದ ಹೊತ್ತು ಬೆಂಚೇ ಗತಿ. ಗ್ರಿಫಿನ್ಸ್ ಆಡುವ ಕೆಳಗಿನ ಅಮೆರಿಕನ್ ಹಾಕಿ ಲೀಗ್‌ನಲ್ಲಿ ಅದೇ ಹುಡುಗನಿಗೆ ಪವರ್ ಪ್ಲೇ, ಅಂದರೆ ಎದುರಾಳಿಯ ಕಡೆ ಆಟಗಾರ ಕಡಿಮೆ ಇರುವ ಹೊತ್ತು, ಸಿಗುತ್ತದೆ. ಒಂದು ಗೋಲಿನ ಮುನ್ನಡೆ ಇರುವಾಗಿನ ಕೊನೆಯ ನಿಮಿಷವೂ ಸಿಗುತ್ತದೆ. ನೀಲಿ ಗೆರೆಯ ಬಳಿ ಎಡವಟ್ಟಾಗಿ ಎದುರಾಳಿ ಗೋಲು ಹೊಡೆದರೂ ಕೋಚ್ ಮತ್ತೆ ಅವನನ್ನೇ ಇಳಿಸುತ್ತಾರೆ. ಶುಕ್ರವಾರ, ಶನಿವಾರ, ಭಾನುವಾರ ಬೆನ್ನುಬೆನ್ನಿಗೆ ಮೂರು ಪಂದ್ಯ, ನಡುವೆ ಬಸ್ ಪ್ರಯಾಣ. ಮೂರನೇ ದಿನ ಕಾಲು ಸೋತಾಗ ಎಲ್ಲಿ ನಿಂತರೆ ಕಡಿಮೆ ಓಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ನವೆಂಬರ್‌ನಲ್ಲಿ ಡೆಟ್ರಾಯ್ಟ್‌ನಿಂದ ಕರೆ ಬಂದ ಮೇಲೆ ನೈಕ್ವಿಸ್ಟ್ 57 ಪಂದ್ಯಗಳಲ್ಲಿ 28 ಗೋಲು ಹೊಡೆದರು. ತಂಡಗಳು ಹೊಸಬರನ್ನು ಸರದಿಯಲ್ಲಿ ಆರಿಸುವ ಡ್ರಾಫ್ಟ್‌ನಲ್ಲಿ, 2008ರಲ್ಲಿ, 121ನೆಯವರಾಗಿ ಆಯ್ಕೆಯಾಗಿದ್ದ ಹುಡುಗ!

ಗೋಲ್‌ಕೀಪರ್‌ಗಳ ಕಷ್ಟ ಇನ್ನೂ ದೊಡ್ಡದು, ಏಕೆಂದರೆ ಇರುವುದು ಒಂದೇ ಜಾಗ. 2003ರಲ್ಲಿ ಆಯ್ಕೆಯಾದ ಜಿಮ್ಮಿ ಹೋವರ್ಡ್ 2005ರಿಂದ ನಾಲ್ಕು ಋತು ಗ್ರ್ಯಾಂಡ್ ರ್ಯಾಪಿಡ್ಸ್‌ನಲ್ಲೇ ಇದ್ದರು. ಅಷ್ಟೂ ಕಾಲದಲ್ಲಿ ಎನ್‌ಎಚ್‌ಎಲ್‌ನಲ್ಲಿ ಆಡಿದ್ದು ಒಂಬತ್ತೇ ಪಂದ್ಯ. 2009–10ರಲ್ಲಿ ಜಾಗ ಸಿಕ್ಕಿದ್ದೇ ತಡ, 37 ಗೆಲುವು. ವರ್ಷದ ಹೊಸ ಆಟಗಾರನಿಗೆ ಕೊಡುವ ಕಾಲ್ಡರ್ ಟ್ರೋಫಿಯ ಅಂತಿಮ ಮೂವರಲ್ಲಿ ಅವರೂ ಒಬ್ಬರು. ಆಗ ವಯಸ್ಸು 26ರ ಹತ್ತಿರ.

ಇಷ್ಟು ಕಾಯಿಸುವ ಧೈರ್ಯ ಡೆಟ್ರಾಯ್ಟ್‌ಗೆ ಬಂದದ್ದು ಮೇಲೆ ಡಾಟ್ಸ್ಯುಕ್, ಜೆಟರ್‌ಬರ್ಗ್‌ರಂಥ ತಾರೆಯರು ಇದ್ದುದರಿಂದ. ಸೋಲುತ್ತಲೇ ಇರುವ ತಂಡದ ಅಭಿಮಾನಿ ಅಷ್ಟು ಕಾಯುವುದಿಲ್ಲ, ಮಾಲೀಕನಂತೂ ಕಾಯುವುದೇ ಇಲ್ಲ. 2017ರಲ್ಲಿ, ಸತತ 25 ಋತು ಪ್ಲೇಆಫ್ ಆಡಿದ ನಂತರ, ಅದರಿಂದ ಹೊರಬಿದ್ದ ರೆಡ್ ವಿಂಗ್ಸ್ ಕೂಡ ಅಂಥ ತಂಡವೇ ಆಯಿತು. ಆದರೂ 2019ರಲ್ಲಿ ಆರನೆಯವರಾಗಿ ಆರಿಸಿದ ಜರ್ಮನಿಯ ಡಿಫೆನ್ಸ್ ಆಟಗಾರ ಮೊರಿಟ್ಜ್ ಸೈಡರ್ ಅವರನ್ನು ಅವಸರದಲ್ಲಿ ಮೇಲೆ ತರಲಿಲ್ಲ. ಮೊದಲು ಗ್ರಿಫಿನ್ಸ್‌ನಲ್ಲಿ 49 ಪಂದ್ಯ, ಆಮೇಲೆ ಸ್ವೀಡನ್ ಲೀಗಿನಲ್ಲಿ ಒಂದು ಋತು. 2021ರಲ್ಲಿ ಡೆಟ್ರಾಯ್ಟ್‌ಗೆ ಬಂದವರು ಮೊದಲ ಋತುವಿನಲ್ಲೇ ಕಾಲ್ಡರ್ ಟ್ರೋಫಿ ಗೆದ್ದರು.