ಸಂವಿಧಾನವನ್ನು ಎಷ್ಟು ಬದಲಿಸಬಹುದು?

"ಬಹುಮತ ಇದ್ದವರು ಸಂವಿಧಾನವನ್ನೇ ಬದಲಿಸಿದರೆ, ನಾವೆಲ್ಲ ಸಮಾನರು ಎನ್ನುವುದು ಉಳಿಯುತ್ತದಾ ಸರ್?" ರಾಜ್ಯಶಾಸ್ತ್ರ ತರಗತಿಯಲ್ಲಿ ಬೈಂದೂರಿನ ಗೆಳತಿ ಕೇಳಿದಳು. ಉತ್ತರ ಹುಡುಕುತ್ತಾ ನಾನು ತಲುಪಿದ್ದು ಕಾಸರಗೋಡಿನ ಎಡನೀರು ಮಠಕ್ಕೆ!

ಸಂವಿಧಾನ ತಿದ್ದುವ ಅಧಿಕಾರವನ್ನು 368ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಅದಕ್ಕೆ ಮಿತಿ ಇದೆಯೇ? ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ ಎಡನೀರಿನ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ಮೊಕದ್ದಮೆಯಲ್ಲಿ ಇದು ತೀರ್ಮಾನವಾಯಿತು. ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ ಹೇಳಿತು: ತಿದ್ದಬಹುದು, ಆದರೆ ಮೂಲ ರಚನೆಯನ್ನು ಕೆಡಿಸುವಂತಿಲ್ಲ. ಒಬ್ಬರು ಆಚೆ ವಾಲಿದ್ದರೆ? ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಜಮೀನಿನ ವಿಷಯದಲ್ಲಿ ಸ್ವಾಮೀಜಿಗೆ ಗೆಲುವು ಸಿಗಲಿಲ್ಲ. ಆದರೆ ಒಂದು ಹಿಂದೂ ಮಠದ ಮೊಕದ್ದಮೆಯ ಫಲ ನನ್ನಂಥವಳಿಗೂ ಸಿಕ್ಕಿತು.

1994ರಲ್ಲಿ ನಮ್ಮ ರಾಜ್ಯದ ಮಾಜಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ ಜಾತ್ಯತೀತತೆಯೂ ಮೂಲ ರಚನೆಯ ಭಾಗವೆಂದು ಕೋರ್ಟು ಹೇಳಿತು. 2000ದಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ನೇತೃತ್ವದಲ್ಲಿ ಸಂವಿಧಾನ ಪರಾಮರ್ಶೆ ಆಯೋಗ ನೇಮಿಸಿದಾಗಲೂ, ಮೂಲ ರಚನೆಯನ್ನು ಮುಟ್ಟದೆ ಶಿಫಾರಸು ಮಾಡಬೇಕು ಎಂಬ ಗೆರೆ ಎಳೆದೇ ಕೆಲಸ ಒಪ್ಪಿಸಿತ್ತು.

ಇಷ್ಟನ್ನೂ ಗೆಳತಿಗೆ ಹೇಳಿದೆ. "ಮೂಲ ರಚನೆಯಲ್ಲಿ ಏನೇನಿದೆ ಅಂತ ಪಟ್ಟಿ ಉಂಟಾ?" ಎಂದಳು. ಪೂರ್ತಿ ಪಟ್ಟಿ ಎಲ್ಲೂ ಇಲ್ಲ. ಒಂದೊಂದು ಪ್ರಕರಣ ಬಂದಾಗ ಕೋರ್ಟೇ ಹೇಳುತ್ತಾ ಬಂದಿದೆ.